ಮ್ಯಾಕಿನ ಹೊಟ್ಟೆಯಲ್ಲಿ ಪಿಸಿ: ಮಾವನ 6100ರಲ್ಲಿ ಡಾಸ್ ಏಳ್ತಾ ಇಲ್ಲ, ಯಾರಿಗಾದ್ರೂ ಗೊತ್ತಾ?

ಘಾಟ್ಕೋಪರ್ ಗಿರಿ · ಶನಿವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸ್ಕೊಳ್ಳಿ.

ಸೋದರಮಾವ ಹೋಗಿ ಎಂಟು ತಿಂಗಳಾಯ್ತು. ಘಾಟ್ಕೋಪರ್‌ನಲ್ಲಿದ್ದ ಅವರ ಪ್ರೆಸ್ಸಿನ ಗಾಳಾ (ಮಳಿಗೆ) ಖಾಲಿ ಮಾಡ್ತಾ ಇದೀವಿ. ತೊಂಬತ್ತರ ದಶಕದಲ್ಲಿ ಅಲ್ಲಿಂದಲೇ ಒಂದು ಪುಟ್ಟ ಕನ್ನಡ ಮಾಸಿಕ ತರ್ತಾ ಇದ್ರು. ಚಂದಾದಾರರ ಲೆಡ್ಜರ್ 2005ರ ಜುಲೈ 26ರ ಮಳೆಯಲ್ಲಿ ನೆನೆದು ಮುದ್ದೆಯಾಗಿ ಹೋಗಿತ್ತು. ಈಗ ಅತ್ತೆಗೆ ಒಂದೇ ಆಸೆ: ಮಾವನ ನೆನಪಿಗೆ ಒಂದು ಕೊನೇ ಸಂಚಿಕೆ ಮಾಡಿ, ಹಳೇ ಚಂದಾದಾರರಲ್ಲಿ ಸಿಕ್ಕಷ್ಟು ಜನಕ್ಕೆ ಅಂಚೆಯಲ್ಲಿ ಕಳಿಸಬೇಕು. "ಪಟ್ಟಿ ಕಂಪ್ಯೂಟರಿನಲ್ಲೂ ಇತ್ತು ಕಣೋ, ಕಪ್ಪು ಪರದೆಯಲ್ಲಿ" ಅಂತಾರೆ.

ಅಟ್ಟದ ಮೇಲೆ ಇದ್ದಿದ್ರಿಂದ ಕಂಪ್ಯೂಟರ್ ನೀರಿಗೆ ಸಿಕ್ಕಿಲ್ಲ. ಆದ್ರೆ ಅದು ಪಿಸಿ ಅಲ್ಲ, ಪವರ್ ಮ್ಯಾಕಿಂಟಾಶ್ 6100/66. ಪಿಜ್ಜಾ ಡಬ್ಬದ ಹಾಗೆ ಚಪ್ಪಟೆ. ಮುಚ್ಚಳ ತೆಗೆದು ನೋಡಿದ್ರೆ ಒಳಗೆ ಇನ್ನೊಂದು ಬೋರ್ಡು ಮಲಗಿದೆ, ಅದರ ಮೇಲೆ 486 ಡಿಎಕ್ಸ್2 ಚಿಪ್ಪು, ಅಂದ್ರೆ ಪಿಸಿಯ ಪ್ರೊಸೆಸರು! ಕರೆಂಟು ಕೊಟ್ಟೆ, "ಟಂಯ್" ಅಂತ ಎದ್ದಿತು. ಮ್ಯಾಕ್ ಭಾಗ ಚೆನ್ನಾಗೇ ಇದೆ. ಕಂಟ್ರೋಲ್ ಪ್ಯಾನಲ್ಲಿನಲ್ಲಿ "ಪಿಸಿ ಸೆಟಪ್" ಅಂತ ಇದೆ. ಅದರಲ್ಲಿ ಪಿಸಿ ಶುರು ಮಾಡಿ ಕಮಾಂಡ್-ರಿಟರ್ನ್ ಒತ್ತಿದ್ರೆ ಪರದೆ ಕಪ್ಪು, ಡಾಸ್ (ವಿಂಡೋಸಿಗೂ ಹಿಂದಿನ ಪಿಸಿ ವ್ಯವಸ್ಥೆ) ಕಾಣ್ತಾನೇ ಇಲ್ಲ. ಮತ್ತೆ ಒತ್ತಿದ್ರೆ ಮ್ಯಾಕ್ ವಾಪಸ್. ಮೂರು ಸಂಜೆ ಇದೇ ಆಟ.

ಕಾರ್ಡು ಸತ್ತಿದೆಯಾ? ಏನು ಮಾಡಲಿ?

ಡೊಂಬಿವಲಿ ಫಾಸ್ಟ್ · ಶನಿವಾರ, ರಾತ್ರಿ 11:05

ಕಾರ್ಡು ಗೀರ್ಡು ಎಲ್ಲ ಬಿಡಿ ಗುರು. ಡಿಸ್ಕಿಂದ ಫೈಲು ಹೊರಗೆ ತೆಗೀರಿ, ಲ್ಯಾಪ್‌ಟಾಪಿನಲ್ಲಿ ಡಾಸ್‌ಬಾಕ್ಸ್ (ಡಾಸ್ ಪಿಸಿಯನ್ನ ಅನುಕರಿಸೋ ಸಾಫ್ಟ್‌ವೇರ್) ಹಾಕಿ, ಮುಗೀತು. ಮೂವತ್ತು ವರ್ಷದ ಭಂಗಾರಕ್ಕೆ (ಗುಜರಿಗೆ) ಯಾಕೆ ಖಾಲಿಪೀಲಿ ಟೈಮು ವೇಸ್ಟು? ಲ್ಯಾಮಿಂಗ್ಟನ್ ರೋಡಿನಲ್ಲಿ ಇವತ್ತು ಇದನ್ನ ತೂಕಕ್ಕೂ ತಗೊಳಲ್ಲ.

ಫೋರ್ಟ್ ಡಿಟಿಪಿ · ಭಾನುವಾರ, ಬೆಳಗ್ಗೆ 6:20

ಗಿರಿ ಅವರೇ, ಕಾರ್ಡು ಸತ್ತಿದೆ ಅಂತ ಹೇಳ್ಳಿಕ್ಕೆ ಈಗಲೇ ಆಗುದಿಲ್ಲ ಮಾರಾಯ್ರೇ. ಮೊದಲು ಒಂದು ಪ್ರಶ್ನೆ: ಮಾನಿಟರಿನ ಕೇಬಲನ್ನು ಎಲ್ಲಿಗೆ ಸಿಕ್ಕಿಸಿದ್ದೀರಿ? ಸೀದಾ ಮ್ಯಾಕಿನ ಹಿಂದೆಯಾ?

ನಾನು ಹಗಲು ಹೋಟೆಲಿನಲ್ಲಿ ದುಡಿದು ಫೋರ್ಟಿನ ರಾತ್ರಿ ಶಾಲೆಯಲ್ಲಿ ಕಲಿತವ. ಆಮೇಲೆ ಅಲ್ಲೇ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ಹದಿನಾರು ವರ್ಷ ಕೂತೆ. ನಮ್ಮಲ್ಲಿ ಇದೇ 6100 ಎರಡು ಇದ್ದವು. ಹಗಲಿಗೆ ಕ್ವಾರ್ಕಿನಲ್ಲಿ ಪುಟ ಕಟ್ಟುದು, ಸಂಜೆ ಸೇಠ್ ಬಂದು ಅದೇ ಕುರ್ಚಿಯಲ್ಲಿ ಕೂತು ಕಮಾಂಡ್-ರಿಟರ್ನ್ ಹೊಡೆದು ಡಾಸಿನಲ್ಲಿ ಲೆಕ್ಕ ಬರೆಯುದು. ಎರಡು ಯಂತ್ರಕ್ಕೆ ಜಾಗ ಎಲ್ಲಿ ಉಂಟು ಫೋರ್ಟಿನಲ್ಲಿ? ಆ ಕಾರಣಕ್ಕೇ ತೆಗೊಂಡದ್ದು.

ನಿಮಗೆ ಅರ್ಥ ಆಗ್ಲಿಕ್ಕೆ ಹೇಳ್ತೇನೆ. ಇದು ಎಮ್ಯುಲೇಟರ್ ಅಲ್ಲ, ಅಂದರೆ ಸಾಫ್ಟ್‌ವೇರಿನಲ್ಲಿ ಮಾಡಿದ ನಕಲಿ ಪಿಸಿ ಅಲ್ಲ. ಆ ಬೋರ್ಡಿನಲ್ಲಿ ನಿಜವಾದ 66 ಮೆಗಾಹರ್ಟ್ಸಿನ 486 ಉಂಟು, ಅದಕ್ಕೇ ಅಂತ ರ‍್ಯಾಮ್ ಹಾಕ್ಲಿಕ್ಕೆ 72 ಪಿನ್ನಿನ ಒಂದು ಸಿಮ್ ಸ್ಲಾಟ್ ಉಂಟು (32 ಎಂಬಿವರೆಗೆ), ವಿಜಿಎ ಉಂಟು, ಸೌಂಡ್ ಬ್ಲಾಸ್ಟರ್ ಚಿಪ್ಪು ಉಂಟು. ಅದೇ ಹೊತ್ತಿಗೆ ಮ್ಯಾಕಿನ ಪವರ್‌ಪಿಸಿ 601 ತನ್ನ ಪಾಡಿಗೆ ಓಡ್ತಾ ಇರ್ತದೆ. ಎರಡು ಮಿದುಳು, ಒಂದು ದೇಹ. ಆದರೆ ಆ ಪಿಸಿಗೆ ಸ್ವಂತ ಹಾರ್ಡ್ ಡಿಸ್ಕ್ ಇಲ್ಲ, ಕೀಬೋರ್ಡ್ ಇಲ್ಲ, ಫ್ಲಾಪಿ ಇಲ್ಲ, ಪ್ರಿಂಟರ್ ಇಲ್ಲ. ಎಲ್ಲ ಮ್ಯಾಕಿನದ್ದೇ ಸಾಲ. ಬೊಂಬಾಯಿಯಲ್ಲಿ ಪೇಯಿಂಗ್ ಗೆಸ್ಟ್ ಇರ್ತಾನಲ್ಲ, ಹಾಸಿಗೆ ಮಾತ್ರ ಅವನದು, ಬಾತ್‌ರೂಮು ಮಾಲಕರದ್ದು, ಹಾಗೆ.

ಇದರ ಅಜ್ಜ ಕ್ವಾಡ್ರಾ 610 ಡಾಸ್ ಕಂಪ್ಯಾಟಿಬಲ್, 1994ರದ್ದು, 25 ಮೆಗಾಹರ್ಟ್ಸಿನ 486 ಎಸ್‌ಎಕ್ಸ್. ಆ ಕಾರ್ಡಿಗೆ ಆಪಲ್ ಒಳಗಿಂದ ಇಟ್ಟ ಗುಟ್ಟಿನ ಹೆಸರು ಹೂಡಿನಿ. ನಿಮ್ಮದು ಅದರ ಎರಡನೇ ಅವತಾರ, 1995ರದ್ದು.

ಈಗ ಪರದೆಯ ವಿಷಯ. ಚಿತ್ರ ಎರಡು ಕಡೆಯಿಂದ ಹುಟ್ತದೆ, ಮಾನಿಟರ್ ಒಂದೇ. ಅದಕ್ಕೆ ಒಂದು ಕವಲು ಕೇಬಲ್ ಕೊಡ್ತಿದ್ದರು: ಮ್ಯಾಕಿನ ಚಿತ್ರ ಮೊದಲು ಕಾರ್ಡಿಗೆ ಹೋಗಿ, ಕಾರ್ಡಿನಿಂದ ಮಾನಿಟರಿಗೆ ಬರಬೇಕು. ಕಮಾಂಡ್-ರಿಟರ್ನ್ ಒತ್ತಿದಾಗ ಯಾರ ಚಿತ್ರ ಹೊರಗೆ ಬಿಡುದು ಅಂತ ಕಾರ್ಡೇ ಬದಲಿಸ್ತದೆ. ನೀವು ಮಾನಿಟರನ್ನು ಸೀದಾ ಮ್ಯಾಕಿಗೆ ಹಾಕಿದ್ದರೆ ಡಾಸ್ ಒಳಗೆ ಎದ್ದು ಕೂತಿರಬಹುದು, ನಿಮಗೆ ಕಾಣ್ಲಿಕ್ಕೆ ದಾರಿ ಇಲ್ಲ. ಮನೆಯೊಳಗೆ ದೀಪ ಉಂಟು, ಕಿಟಕಿ ಇಲ್ಲ.

ಘಾಟ್ಕೋಪರ್ ಗಿರಿ · ಭಾನುವಾರ, ಬೆಳಗ್ಗೆ 9:12

ಹೌದು! ಸೀದಾ ಮ್ಯಾಕಿಗೇ ಹಾಕಿದ್ದು. ಕಾರ್ಡಿನ ಹಿಂಬದಿಯಲ್ಲಿ ಒತ್ತೊತ್ತಾಗಿ ಪಿನ್ನು ಇರೋ ಒಂದು ಸಾಕೆಟ್ ಖಾಲಿ ಇದೆ. ಅದು ಯಾಕೆ ಅಂತ ಗೊತ್ತಾಗದೆ ಧೂಳು ಒರೆಸಿ ಬಿಟ್ಟಿದ್ದೆ. ಆ ಕೇಬಲ್ ಗಾಳಾದಲ್ಲಿ ಎಲ್ಲೂ ಇಲ್ಲ. ಮೂರು ಗೋಣಿಚೀಲದಷ್ಟು ವೈರು ಹೋದ ವಾರ ಭಂಗಾರ್‌ವಾಲಾಗೆ ಕೊಟ್ಟೆವು. ಅದರಲ್ಲೇ ಹೋಗಿರಬೇಕು. ಹಣೆ ಚಚ್ಚಿಕೊಳ್ತಾ ಇದೀನಿ.

ವಾಶಿ ವಿದ್ಯಾ · ಭಾನುವಾರ, ಬೆಳಗ್ಗೆ 9:40

ಗಿರಿ, ದಯವಿಟ್ಟು ಇನ್ನು ಆನ್ ಮಾಡಬೇಡಿ. ಗಂಭೀರವಾಗಿ ಹೇಳ್ತಿದೀನಿ. ಮೂವತ್ತು ವರ್ಷದ ಎಸ್‌ಸಿಎಸ್‌ಐ (ಆಗಿನ ಮ್ಯಾಕ್‌ಗಳ ಡಿಸ್ಕು ಜೋಡಣೆ) ಡಿಸ್ಕು ತಿರುಗ್ತಾ ಇದೆ ಅನ್ನೋದೇ ಪುಣ್ಯ. ಪ್ರತಿ ಸಲ ಆನ್ ಮಾಡಿದಾಗಲೂ ಜೂಜು.

ಇನ್ನೊಂದು: ಒಳಗೆ ಅರ್ಧ ಡಬಲ್-ಎ ಗಾತ್ರದ 3.6 ವೋಲ್ಟಿನ ಲಿಥಿಯಂ ಬ್ಯಾಟರಿ ಇರುತ್ತೆ. ಇನ್ನೂ ಅಲ್ಲೇ ಇದ್ರೆ ಇವತ್ತೇ ತೆಗೀರಿ. ಅವು ಸೋರಿದ್ರೆ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಬಿಡುತ್ತವೆ, ನಮ್ಮ ಮುಂಬೈ ಹವೆಯಲ್ಲಿ ಕೇಳೋದೇ ಬೇಡ.

ನಾನು ಗ್ರಂಥಾಲಯದಲ್ಲಿ ಡಿಜಿಟೈಸೇಷನ್ ಕೆಲಸ ಮಾಡೋದು. ಮನೆಯಲ್ಲಿ ಒಂದು ಹಳೇ ಪೆಂಟಿಯಂ ಇದೆ, ಅದರಲ್ಲಿ ಇಂಥ ಡಿಸ್ಕು ಓದೋಕೆ ಅಡಾಪ್ಟೆಕ್ 2940 ಕಾರ್ಡು, 50 ಪಿನ್ನಿನ ಕೇಬಲ್, ಲಿನಕ್ಸು. ಡಿಸ್ಕು ತಗೊಂಡು ವಾಶಿಗೆ ಬನ್ನಿ. ಮೊದಲು ಪೂರ್ತಿ ಡಿಸ್ಕಿನ ನಕಲು ತೆಗೆಯೋಣ, ಆಮೇಲೆ ನಿಮ್ಮ ಪ್ರಯೋಗ. ಇತ್ತೀಚಿನ ಮ್ಯಾಕ್‌ಗೆ ಸಿಕ್ಕಿಸೋ ಯೋಚನೆ ಇದ್ರೆ ಬಿಡಿ, ಮ್ಯಾಕ್ಓಎಸ್ ಕ್ಯಾಟಲೀನಾದಿಂದ ಈಚೆಗೆ ಆಪಲ್ ಹಳೇ ಎಚ್‌ಎಫ್‌ಎಸ್ (ಹಳೇ ಮ್ಯಾಕ್ ಡಿಸ್ಕಿನ ಫೈಲ್ ವ್ಯವಸ್ಥೆ) ಓದೋದನ್ನೇ ನಿಲ್ಲಿಸಿದೆ. ಲಿನಕ್ಸು ಇನ್ನೂ ಓದುತ್ತೆ.

ಡೊಂಬಿವಲಿ ಫಾಸ್ಟ್ · ಭಾನುವಾರ, ಬೆಳಗ್ಗೆ 10:02

ನಾನು ಹೇಳಿದ್ದೂ ಅದೇ ಅಲ್ವಾ? ಡಿಸ್ಕ್ ತೆಗೀರಿ ಅಂತ. ನನಗೆ ಮಾತ್ರ ಯಾರೂ ಲೈಕ್ ಕೊಡಲ್ಲ.

ಹುಬ್ಳಿ ಟು ಪುಣೆ · ಭಾನುವಾರ, ಮಧ್ಯಾಹ್ನ 1:30

ಫೋರ್ಟ್ ಅಣ್ಣಾರು ಪೇಯಿಂಗ್ ಗೆಸ್ಟ್ ಅಂದದ್ದು ಭಾಳ ಛಲೋ ಆತ್ರಿ. ನಮ್ಮ ಪುಣೆ ಆಫೀಸಿನ್ಯಾಗೂ ಇಂಥಾ ಒಬ್ಬ ಗೆಸ್ಟ್ ಇದ್ದ. ಸನ್ ಅಲ್ಟ್ರಾ 10 ವರ್ಕ್‌ಸ್ಟೇಷನ್, ಅದರ ಸ್ವಂತ ಓಎಸ್ ಸೊಲಾರಿಸ್ ಮ್ಯಾಲೆ ಕ್ಯಾಡ್ (ನಕ್ಷೆ ಬರೆಯೋ ಸಾಫ್ಟ್‌ವೇರ್) ನಡೀತಿತ್ತು. ಆದ್ರ ಹೆಡ್ ಆಫೀಸಿನವರು ವರ್ಡ್ ಫೈಲ್ ಕಳಸೋರು. ಅದಕ್ಕ ಒಳಗ ಸನ್‌ಪಿಸಿಐ ಅಂತ ಒಂದು ಪಿಸಿಐ ಕಾರ್ಡ್ ಹಾಕಿದ್ರು. ಅದರ ಮ್ಯಾಲೆ ಎಎಂಡಿ ಕೆ6-2, 300 ಮೆಗಾಹರ್ಟ್ಸ್. ವಿಂಡೋಸ್ ಪೂರಾ ಒಂದು ಕಿಟಕಿಯೊಳಗ ತೆರೀತಿತ್ತ್ರಿ, ಈಗ ವರ್ಚುವಲ್ ಮಷೀನ್ ತೆರದಂಗ.

ಮಜಾ ಏನಂದ್ರ, ಆ ವಿಂಡೋಸಿಗೆ ಸಿ ಡ್ರೈವ್ ಅನ್ನೋದು ಸೊಲಾರಿಸ್ ಕಡೆಯಿಂದ ನೋಡಿದ್ರ ಬರೇ ಒಂದು ದೊಡ್ಡ ಫೈಲ್. ವೈರಸ್ ಬಂತಂದ್ರ ನಾವು ಆಂಟಿವೈರಸ್ ಗಿಂಟಿವೈರಸ್ ಓಡಸ್ತಿದ್ದಿಲ್ಲ. ಹಿಂದಿನ ಶುಕ್ರವಾರದ ಫೈಲ್ ತಂದು ಮ್ಯಾಲೆ ಕಾಪಿ ಹೊಡದ್ರ ವಿಂಡೋಸ್ ಹುಟ್ಟಿದ ಕೂಸಿನಂಗ ಆಗ್ತಿತ್ತು. ಗಿರಿ ಅವರ, ನಿಮ್ಮ ಮ್ಯಾಕಿನ್ಯಾಗೂ ಹಂಗ ಇರ್ತೈತಿ. ಮ್ಯಾಕ್ ಡಿಸ್ಕಿನ್ಯಾಗ ಒಂದು ಭಾರಿ ಫೈಲ್ ಹುಡುಕ್ರಿ, ಅದಾ ನಿಮ್ಮ ಮಾವನವರ ಸಿ ಡ್ರೈವ್.

ಒಂದ್ಸಲ ಒಬ್ಬ ಟ್ರೈನಿ ಸೊಲಾರಿಸ್ ರೀಬೂಟ್ ಹೊಡದ. ಆ ಕಡೆ ನಮ್ಮ ಮ್ಯಾನೇಜರ್ ವಿಂಡೋಸಿನ್ಯಾಗ ನಲವತ್ತು ಪುಟದ ಟೆಂಡರ್ ಟೈಪ್ ಮಾಡ್ಲಿಕತ್ತಿದ್ರು. ಮಾಲಕ ಮಲಗಿದ್ರ ಗೆಸ್ಟ್ ಹೊರಗ!

ಮುಲುಂಡ್ ವಿಡಿಯೋ · ಭಾನುವಾರ, ಸಂಜೆ 5:15

ಈ ಮಾತಿನಲ್ಲಿ ಅಮಿಗಾ (ಆಗಿನ ಇನ್ನೊಂದು ಬಗೆಯ ಕಂಪ್ಯೂಟರ್) ಬರದೇ ಇದ್ರೆ ಅನ್ಯಾಯ. ನಾವು ಮುಲುಂಡಿನಲ್ಲಿ ಮದುವೆ ವಿಡಿಯೋಗೆ ಟೈಟಲ್ ಹಾಕೋಕೆ ಅಮಿಗಾ 2000 ಇಟ್ಕೊಂಡಿದ್ವಿ, ವಿಡಿಯೋ ಮೇಲೆ ಅಕ್ಷರ ಕೂರಿಸೋ ಜೆನ್‌ಲಾಕ್ ಜೊತೆ. ಅದರ ಬೋರ್ಡಿನ ಮೇಲೆ ಅಮಿಗಾದ ಸ್ವಂತ ಝೋರೋ ಸ್ಲಾಟ್‌ಗಳ ಜೊತೆಗೆ ನಾಲ್ಕು ಐಎಸ್‌ಎ ಸ್ಲಾಟು ಇರ್ತಿದ್ವು. ಪಿಸಿಯ ಸ್ಲಾಟು, ಅಮಿಗಾದ ಒಳಗೆ! ಮೊದಲು ನೋಡಿದಾಗ ಇದು ಯಾಕಪ್ಪ ಅಂದ್ಕೊಂಡಿದ್ದೆ. ಅವಕ್ಕೆ ಕರೆಂಟು ಇರುತ್ತೆ, ಜೀವ ಇರಲ್ಲ. ಬ್ರಿಜ್‌ಬೋರ್ಡ್ ಅಂತ ಒಂದು ಉದ್ದನೆ ಕಾರ್ಡು ಬರ್ತಿತ್ತು, ಒಂದು ಕಾಲು ಝೋರೋದಲ್ಲಿ, ಇನ್ನೊಂದು ಕಾಲು ಐಎಸ್‌ಎಯಲ್ಲಿ. ಅದನ್ನ ಹಾಕಿದ್ರೆ ಮಾತ್ರ ಆ ಸ್ಲಾಟುಗಳು ಎಚ್ಚರ ಆಗ್ತಿದ್ವು. ನಮ್ಮದು ಎ2088, 4.77 ಮೆಗಾಹರ್ಟ್ಸಿನ 8088. ಆಮೆ. ಆದ್ರೆ ಡಾಸ್ ಕಿಟಕಿ ಒಂದು ಮೂಲೆಯಲ್ಲಿ, ವಧುವರರ ಹೆಸರು ಇನ್ನೊಂದು ಮೂಲೆಯಲ್ಲಿ.

ಕಾರ್ಡು ಹಾಕಿ ಬೇರೆ ಲೋಕದ ಸಾಫ್ಟ್‌ವೇರ್ ಓಡಿಸೋದು ಇನ್ನೂ ಹಳೇ ಚಟ ಬಿಡಿ. 1980ರಲ್ಲೇ ಮೈಕ್ರೋಸಾಫ್ಟ್ ಆಪಲ್ 2ಗೆ ಝಡ್80 ಸಾಫ್ಟ್‌ಕಾರ್ಡ್ ಮಾರಿತ್ತು, ಸಿಪಿ/ಎಂ (ಡಾಸ್‌ಗೂ ಹಿಂದಿನ ವ್ಯವಸ್ಥೆ) ಓಡಿಸೋಕೆ. ಆಪಲ್ ಒಳಗೆ ಮೈಕ್ರೋಸಾಫ್ಟ್ ಬೋರ್ಡು! ಅದರಲ್ಲಿ ಓಡೋ ವರ್ಡ್‌ಸ್ಟಾರ್ (ಬರಹದ ಸಾಫ್ಟ್‌ವೇರ್) ಬೇಕು ಅಂತಲೇ ಜನ ಕೊಂಡ್ಕೊಂಡ್ರು.

ಫೋರ್ಟ್ ಡಿಟಿಪಿ · ಭಾನುವಾರ, ರಾತ್ರಿ 8:50

ಗಿರಿ, ಒಳ್ಳೆ ಸುದ್ದಿ. ಮನೆಯಲ್ಲಿ ಬಿಸ್ಕೆಟ್ ಡಬ್ಬದಲ್ಲಿ ಆ ಕೇಬಲ್ ಸಿಕ್ಕಿತು. ಅಂಗಡಿ ಮುಚ್ಚುವಾಗ ಯಾಕೋ ತೆಗೆದು ಇಟ್ಟದ್ದು. ಹೆಂಡತಿ ಇಪ್ಪತ್ತು ವರ್ಷದಿಂದ "ಬಿಸಾಡಿ" ಅಂತ ಹೇಳ್ತಾ ಇದ್ದಾಳೆ. ಇವತ್ತು ಅವಳೇ ತೆಗೆದು ಕೊಟ್ಟಳು. ಬರುವ ಶನಿವಾರ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ಕಾರ್ಯಕ್ರಮಕ್ಕೆ ಬರ್ತೇನೆ, ಅಲ್ಲಿ ತೆಗೊಳ್ಳಿ. ವಾಪಸು ಕೊಡಬೇಕು ಆಯ್ತಾ.

ಒಂದು ಎಚ್ಚರಿಕೆ. ಮಾವನವರ ಸಾಫ್ಟ್‌ವೇರಿಗೆ ಲಾಕು ಇದ್ದರೆ ಕಷ್ಟ. ನಮ್ಮಲ್ಲಿ ಒಂದು ಕನ್ನಡ ಅಕ್ಷರದ ಪ್ಯಾಕೇಜು ತಂದಿದ್ದರು, ಯಾವುದು ಅಂತ ಬೇಡ. ಅದಕ್ಕೆ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕು. ಡಾಸ್ ಕಡೆ ಇನ್‌ಸ್ಟಾಲ್ ಆಯ್ತು, ಎಲ್ಲ ಆಯ್ತು, ಕಡೆಗೆ "ಲಾಕು ಎಲ್ಲಿ?" ಅಂತ ಕೇಳ್ತದೆ. ಲಾಕು ಕೈಯಲ್ಲಿ ಉಂಟು, ಸಿಕ್ಕಿಸ್ಲಿಕ್ಕೆ ತೂತು ಇಲ್ಲ! ಈ ಕಾರ್ಡಿನಲ್ಲಿ ಎಲ್‌ಪಿಟಿ (ಪ್ಯಾರಲಲ್ ಪೋರ್ಟು) ಅಂದರೆ ಬರೀ ನಾಟಕ, ಡಾಸ್ ಕಳಿಸಿದ್ದನ್ನು ಮ್ಯಾಕ್ ಹಿಡಿದು ತನ್ನ ಲೇಸರ್ ಪ್ರಿಂಟರಿಗೆ ಕೊಡ್ತದೆ. ಪ್ರಿಂಟು ಚಂದ ಬರ್ತದೆ. ಲಾಕಿಗೆ ಮಾತಾಡ್ಲಿಕ್ಕೆ ನಿಜವಾದ ಪಿನ್ನು ಬೇಕಲ್ಲ. ಕೊಟ್ಟವರಿಗೆ ಫೋನು ಮಾಡಿದರೆ "ನಮ್ಮದು ಪಿಸಿಗೆ ಮಾತ್ರ" ಅಂದರು. "ಇದು ಪಿಸಿಯೇ" ಅಂದೆ. "ಹಿಂದೆ ಏನು ಬರೆದಿದೆ ಓದಿ" ಅಂದರು. ಹಿಂದೆ ಆಪಲ್ ಚಿತ್ರ. ದುಡ್ಡು ಹೋಯ್ತು.

ಹುಬ್ಳಿ ಟು ಪುಣೆ · ಭಾನುವಾರ, ರಾತ್ರಿ 9:25

ಸನ್‌ಪಿಸಿಐಗೆ ಪ್ಯಾರಲಲ್, ಸೀರಿಯಲ್ ಇರೋ ಇನ್ನೊಂದು ತಗಡು ಬ್ಯಾರೆ ಸಿಗ್ತಿತ್ತ್ರಿ, ಪಕ್ಕದ ಸ್ಲಾಟಿನ್ಯಾಗ ತಿರುಪು ಹಾಕೋದು. ಲಾಕ್ ನಡೀತಿತ್ತು. ಈ ಗೆಸ್ಟ್‌ಗಳ ಜಗಳ ಎಲ್ಲಾ ಬಾತ್‌ರೂಮಿಂದಾ ನೋಡ್ರಿ. ಪ್ರೊಸೆಸರ್ ಬಗ್ಗೆ ಯಾರರ ತಕರಾರು ಮಾಡ್ಯಾರೇನು?

ವಾಶಿ ವಿದ್ಯಾ · ಮಂಗಳವಾರ, ರಾತ್ರಿ 10:10

ವರದಿ: ಗಿರಿ ಡಿಸ್ಕು ತಂದಿದ್ರು. ನಕಲು ಪೂರ್ತಿ ಬಂತು, ಮೂರು ಸೆಕ್ಟರ್ ಮಾತ್ರ ಓದಲಿಲ್ಲ. ಎಚ್‌ಎಫ್‌ಎಸ್ ಮೌಂಟ್ ಆಯ್ತು, ಅಂದ್ರೆ ಲಿನಕ್ಸಿನಲ್ಲಿ ತೆರೆದುಕೊಳ್ತು. ಒಳಗೆ 120 ಎಂಬಿಯ ಒಂದು ಡ್ರೈವ್ ಫೈಲು, ಹುಬ್ಳಿಯವರು ಹೇಳಿದ ಹಾಗೇ. ಯಾರಾದ್ರೂ ಮುಂದೆ ಇದೇ ಕೆಲಸ ಮಾಡೋದಿದ್ರೆ: ಆ ಫೈಲನ್ನ ಹೆಕ್ಸ್ ಎಡಿಟರಿನಲ್ಲಿ ತೆಗೆದು, ಮೊದಲ ಸೆಕ್ಟರಿನ 512 ಬೈಟುಗಳ ಕೊನೆಗೆ 55 ಎಎ ಇದೆಯಾ ನೋಡಿ. ಇದ್ರೆ ಅದು ಪಾರ್ಟಿಷನ್ ಟೇಬಲ್ ಇರೋ ಪೂರ್ತಿ ಡಿಸ್ಕಿನ ಬಿಂಬ ಆಗಿರಬಹುದು (ಬರೀ ಪಾರ್ಟಿಷನ್ನಿನ ಬೂಟ್ ಸೆಕ್ಟರಿಗೂ ಇದೇ ಗುರುತು ಇರುತ್ತೆ). ಎಫ್‌ಡಿಸ್ಕ್ ಕೊಟ್ಟು ಪಾರ್ಟಿಷನ್ ಎಲ್ಲಿಂದ ಶುರು ಅಂತ ನೋಡ್ಕೊಂಡು, ಆ ಆಫ್‌ಸೆಟ್ ಕೊಟ್ಟು ಮೌಂಟ್ ಮಾಡಿ.

ಒಳಗೆ "ಚಂದಾ" ಅನ್ನೋ ಫೋಲ್ಡರು, ಅದರಲ್ಲಿ ಡಿಬೇಸಿನ (ಡಾಸ್ ಕಾಲದ ಡಾಟಾಬೇಸ್ ಸಾಫ್ಟ್‌ವೇರ್) ಡಿಬಿಎಫ್ ಫೈಲು. ಆದ್ರೆ ಲಿಬ್ರೆಆಫೀಸಿನಲ್ಲಿ ತೆಗೆದ್ರೆ ಪಿನ್‌ಕೋಡು, ತಾರೀಕು, ಮೊತ್ತ ಎಲ್ಲ ಸರಿ. ಹೆಸರು, ವಿಳಾಸ ಮಾತ್ರ ಕಸ.

ಘಾಟ್ಕೋಪರ್ ಗಿರಿ · ಶನಿವಾರ, ರಾತ್ರಿ 11:48

ಎದ್ದಿತು!!!

ಫೋರ್ಟ್ ಅವರ ಕೇಬಲ್ ಹಾಕಿ ಕಮಾಂಡ್-ರಿಟರ್ನ್ ಒತ್ತಿದೆ. ಮಾನಿಟರ್ ಒಂದು ಕ್ಷಣ "ಕಟಕ್" ಅಂತು, ಬಿಳಿ ಅಕ್ಷರ, ಸಿ ಪ್ರಾಂಪ್ಟು. ಅತ್ತೆ ಅಡುಗೆಮನೆಯಿಂದ ಕೈ ಒರೆಸ್ಕೊಂಡು ಬಂದು "ಇದೇ, ಇದೇ ಕಪ್ಪು ಪರದೆ" ಅಂದ್ರು. ಫ್ಲಾಪಿ ಹೊರಗೆ ಬರ್ತಾ ಇರ್ಲಿಲ್ಲ, ಮ್ಯಾಕಿನ ಡ್ರೈವಿಗೆ ಗುಂಡಿಯೇ ಇಲ್ವಲ್ಲ. ಫೋರ್ಟ್ ಅವರು ಫೋನಿನಲ್ಲಿ ಕಮಾಂಡ್-ಇ ಅಂದ್ರು, ಬಂತು.

(ವಿದ್ಯಾ ಅವರೇ, ಬೈಬೇಡಿ. ನಕಲು ಆದ ಮೇಲೇ ಆನ್ ಮಾಡಿದ್ದು. ಬ್ಯಾಟರಿ ತೆಗೆದಿದೀನಿ.)

ಆದ್ರೆ ಡಿಬೇಸಿನಲ್ಲಿ ಪಟ್ಟಿ ತೆಗೆದ್ರೆ ಹೆಸರಿನ ಜಾಗದಲ್ಲಿ ಬರೀ ಗೆರೆಗಳು. ಕಿಟಕಿ ಸರಳಿನ ಹಾಗೆ, ರಂಗೋಲಿ ಅರ್ಧ ಅಳಿಸಿದ ಹಾಗೆ. ಮೊದಲ ಸಾಲಿನಲ್ಲಿ ಒಂದು ಹೆಸರು ಹೀಗೆ ಕಾಣುತ್ತೆ: │╠╤

ಅತ್ತೆ ಹೇಳ್ತಾರೆ, "ಆಗ ಕನ್ನಡದಲ್ಲೇ ಕಾಣ್ತಿತ್ತು. ಆದ್ರೆ ಆಗ ಇದಲ್ಲ, ಬೇರೆ ಕಂಪ್ಯೂಟರ್ ಇತ್ತು. ಅದು ಕೆಟ್ಟ ಮೇಲೆ ಇದಕ್ಕೆ ಹಾಕಿದ್ರು. ಇದರಲ್ಲಿ ಕನ್ನಡ ಬರ್ಲಿಲ್ಲ ಅಂತ ತುಂಬಾ ಬೇಜಾರು ಮಾಡ್ಕೊಂಡಿದ್ರು."

ಹುಬ್ಳಿ ಟು ಪುಣೆ · ಭಾನುವಾರ, ಬೆಳಗ್ಗೆ 7:05

ಅಯ್ಯೋ, ಇದು ನಮ್ಮ ಪುಣೆದಾ ಕಥಿ ಐತ್ರಿ! ನಿಮ್ಮ ಮಾವನವರ ಹಳೇ ಪಿಸಿಯೊಳಗ ಜಿಸ್ಟ್ ಕಾರ್ಡ್ ಇದ್ದಿರಬೇಕು.

ಐಐಟಿ ಕಾನ್ಪುರದಾಗ ಹುಟ್ಟಿ, ಪುಣೆಯ ಸಿ-ಡ್ಯಾಕ್ ಅನ್ನೋ ಸರ್ಕಾರಿ ಸಂಸ್ಥೆಯೊಳಗ ಬೆಳದ ಸಾಮಾನು ಅದು. ಪಿಸಿಯ ಐಎಸ್‌ಎ ಸ್ಲಾಟಿಗೆ ಹಚ್ಚಿದ್ರ ಡಾಸಿನ ಇಂಗ್ಲಿಷ್ ಸಾಫ್ಟ್‌ವೇರ್ ಅದ್ಹಂಗ ಇಟ್ಕೊಂಡು ಅದರೊಳಗ ಕನ್ನಡ, ಮರಾಠಿ, ಹಿಂದಿ ಬರೀಬಹುದಿತ್ತು. ಡಿಬೇಸಿಗೆ ತನ್ನೊಳಗ ಕನ್ನಡ ಐತಿ ಅಂತ ಗೊತ್ತಾ ಇರಲಿಲ್ಲ. ಅದಕ್ಕ ಬರೇ ಬೈಟ್. ಆ ಬೈಟ್‌ಗಳನ್ನ ಪರದೆ ಮ್ಯಾಲೆ ಅಕ್ಷರ ಮಾಡಿ ತೋರ್ಸೋದು ಕಾರ್ಡಿನ ಕೆಲಸ.

ಆ ಬೈಟಿನ ಲೆಕ್ಕಕ್ಕ ಇಸ್ಕಿ ಅಂತಾರ, ಐಎಸ್ 13194, 1991ರ ಸ್ಟ್ಯಾಂಡರ್ಡ್. ಅದರಾಗ "ಕ" ಅಂದ್ರ 179. ಕನ್ನಡ ಕ, ಮರಾಠಿ ಕ, ಬಂಗಾಳಿ ಕ, ಎಲ್ಲಾಕ್ಕೂ 179. ಆದ್ರ ಸಾದಾ ಡಾಸ್ ಪಿಸಿಯೊಳಗ 179 ಅಂದ್ರ ಡಬ್ಬಿ ಬರೆಯೋ ನೆಟ್ಟನ ಗೆರೆ. ನಿಮ್ಮ ಆ │╠╤ ಐತಲ್ಲ, 179, 204, 209. ಕ, ಮ, ಲ.

ಕಮಲ ಅಂತ ಯಾರರ ಇದ್ರೇನು?

ಘಾಟ್ಕೋಪರ್ ಗಿರಿ · ಭಾನುವಾರ, ಬೆಳಗ್ಗೆ 7:31

ಅತ್ತೆಯ ಹೆಸರು.

ಮೊದಲ ಎಂಟ್ರಿ ಅವರದ್ದೇ ಮಾಡಿದ್ರಂತೆ, ಪರೀಕ್ಷೆಗೆ. ಅತ್ತೆ ಈಗ ಚಹಾ ಮಾಡ್ತೀನಿ ಅಂತ ಒಳಗೆ ಹೋದವರು ಹತ್ತು ನಿಮಿಷ ಆದ್ರೂ ಬಂದಿಲ್ಲ.

ಡೊಂಬಿವಲಿ ಫಾಸ್ಟ್ · ಭಾನುವಾರ, ಬೆಳಗ್ಗೆ 8:15

ಸರಿ ಸರಿ, ನಾನೂ ಸೋತೆ. ಆದ್ರೆ ಒಂದು ಡೌಟು. ಒಂದು ಜಿಸ್ಟ್ ಕಾರ್ಡು ಎಲ್ಲಾದ್ರೂ ಹುಡುಕಿ ಈ ಮ್ಯಾಕಿನೊಳಗಿನ ಪಿಸಿಗೆ ಹಾಕಿದ್ರೆ ಅಲ್ಲೇ ಕನ್ನಡ ಬರಲ್ವಾ?

ಫೋರ್ಟ್ ಡಿಟಿಪಿ · ಭಾನುವಾರ, ಬೆಳಗ್ಗೆ 8:40

ಎಲ್ಲಿ ಹಾಕುದು ಮಾರಾಯ್ರೇ? ಹೂಡಿನಿ ಕಾರ್ಡಿನಲ್ಲಿ ಐಎಸ್‌ಎ ಸ್ಲಾಟೇ ಇಲ್ಲ. ಪೇಯಿಂಗ್ ಗೆಸ್ಟಿಗೆ ಪೇಯಿಂಗ್ ಗೆಸ್ಟಾ? ಗಿರಿಯವರ ಮಾವನಿಗೆ ಬೇಜಾರಾದದ್ದು ಇದಕ್ಕೇ ಇರಬೇಕು. ಮಾರುವವ "ಪೂರಾ ಪಿಸಿ ಒಳಗೆ ಉಂಟು" ಅಂತ ಹೇಳಿರ್ತಾನೆ. ಪಿಸಿ ಉಂಟು, ಸ್ಲಾಟು ಇಲ್ಲ. ಜಿಸ್ಟ್ ಕಾರ್ಡು ಅನಾಥ.

ಮುಲುಂಡ್ ವಿಡಿಯೋ · ಭಾನುವಾರ, ಬೆಳಗ್ಗೆ 9:00

ಅಮಿಗಾ 2000ರಲ್ಲಿ ಐಎಸ್‌ಎ ಸ್ಲಾಟು ಇದ್ವು ಅಂತ ನಾನು ಸುಮ್ನೆ ಹೇಳಿದ್ದಲ್ಲ. 😌 ಜಿಸ್ಟ್ ಹಾಕಿ ನೋಡಿದವನಲ್ಲ, ಆದ್ರೆ ಹಾಕೋಕೆ ಜಾಗವಾದ್ರೂ ಇತ್ತು.

ವಾಶಿ ವಿದ್ಯಾ · ಭಾನುವಾರ, ಬೆಳಗ್ಗೆ 11:20

ಗೆರೆಗಳು ಕಂಡಿದ್ದು ಒಳ್ಳೇದೇ ಆಯ್ತು. ಪಿಸಿ-ಇಸ್ಕಿ ಅಂತ ಇನ್ನೊಂದು ಬಗೆ ಇದೆ, ಅದು ಡಬ್ಬಿ ಗೆರೆಗಳ ಜಾಗ ಬಿಟ್ಟು ಅಕ್ಷರಗಳನ್ನ ಅತ್ತಿತ್ತ ಸರಿಸಿರುತ್ತೆ. ಅದಾಗಿದ್ರೆ ಗ್ರೀಕು, ಫ್ರೆಂಚು ಅಕ್ಷರ ಕಾಣ್ತಿತ್ತು. ಗಿರಿಯವರದ್ದು ಶುದ್ಧ ಇಸ್ಕಿ.

ಯೂನಿಕೋಡಿನವರು ನಮ್ಮ ಲಿಪಿಗಳ ಕೋಷ್ಟಕ ಮಾಡುವಾಗ ಇಸ್ಕಿಯ ಕ್ರಮವನ್ನೇ ಆಧಾರ ಇಟ್ಕೊಂಡಿದ್ದು. ಹಾಗಾಗಿ ಪರಿವರ್ತನೆ ಅಂದ್ರೆ ಹೆಚ್ಚುಕಮ್ಮಿ ಒಂದಕ್ಕೊಂದು ಬದಲಿಸೋದು. ಐಸಿಯು ಅನ್ನೋ ಯೂನಿಕೋಡ್ ಲೈಬ್ರರಿ ಜೊತೆ ಬರೋ ಯುಕಾನ್ವ್ ಉಪಕರಣದಲ್ಲಿ ಕನ್ನಡ ಇಸ್ಕಿ ಇದೆ. ಒಂದೇ ಜಾಗ್ರತೆ: ಇಡೀ ಡಿಬಿಎಫ್ ಫೈಲನ್ನ ಅದಕ್ಕೆ ತುರುಕಬೇಡಿ, ಹೆಡರ್ ಹಾಳಾಗುತ್ತೆ. ಮೊದಲು ಒಂದೊಂದೇ ಫೀಲ್ಡ್ ಕತ್ತರಿಸಿ, ಆಮೇಲೆ ಪರಿವರ್ತಿಸಿ. ನಾನು ಇಪ್ಪತ್ತು ಸಾಲಿನ ಪೈಥಾನ್ ಬರೆದು ಓಡಿಸಿದೆ.

612 ದಾಖಲೆ ಬಂತು. ಉದ್ದ ಹೆಸರುಗಳ ಬಾಲ ಮಾತ್ರ ತುಂಡಾಗಿದೆ. ಹೆಸರಿನ ಫೀಲ್ಡಿಗೆ ಕೊಟ್ಟಿದ್ದು 20 ಬೈಟು. ಇಸ್ಕಿಯಲ್ಲಿ "ಕ್ಷ್ಮೀ" ಒಂದಕ್ಕೇ 6 ಬೈಟು ಬೇಕು: ಕ, ಹಲಂತ, ಷ, ಹಲಂತ, ಮ, ಈಕಾರ. "ಲಕ್ಷ್ಮೀನಾರಾಯಣ" ಅನ್ನೋಷ್ಟರಲ್ಲಿ 13 ಖರ್ಚು. ಪಾಪ ಲಕ್ಷ್ಮೀನಾರಾಯಣರೆಲ್ಲ ಅಡ್ಡಹೆಸರಿನ ಅರ್ಧದಲ್ಲೇ ನಿಂತಿದಾರೆ.

ಘಾಟ್ಕೋಪರ್ ಗಿರಿ · ಭಾನುವಾರ, ಮಧ್ಯಾಹ್ನ 2:45

ವಿದ್ಯಾ ಅವರೇ, ಹೇಗೆ ಥ್ಯಾಂಕ್ಸ್ ಹೇಳ್ಲಿ ಗೊತ್ತಾಗ್ತಿಲ್ಲ. ಅತ್ತೆ ಪಟ್ಟಿ ಇಟ್ಕೊಂಡು ಕೂತಿದಾರೆ, ಒಂದೊಂದು ಹೆಸರಿಗೂ ಒಂದೊಂದು ಕಥೆ.

ಇನ್ನೊಂದು ನೆನಪು ಹೇಳಿದ್ರು. ಮುಂಬೈ ವಿಳಾಸಗಳಿಗೆ ಲೇಬಲ್ಲು ಮರಾಠಿ ಲಿಪಿಯಲ್ಲಿ, ಊರಿನ ಕಡೆಯವರಿಗೆ ಕನ್ನಡದಲ್ಲಿ ಬರ್ತಿತ್ತಂತೆ. "ಎರಡೆರಡು ಸಲ ಟೈಪ್ ಮಾಡ್ತಿದ್ರಾ?" ಅಂದೆ. "ಇಲ್ಲ, ಒಂದು ಗುಂಡಿ ಒತ್ತಿದ್ರೆ ಅದೇ ಮರಾಠಿ ಆಗ್ತಿತ್ತು" ಅಂದ್ರು. ಹುಬ್ಳಿಯವರು ಹೇಳಿದ 179 ಈಗ ಅರ್ಥ ಆಯ್ತು.

ಒಂದು ಪ್ರಶ್ನೆ. 612ರಲ್ಲಿ ಕೆಲವು ಸಾಲಿನ ಮುಂದೆ ನಕ್ಷತ್ರ ಚಿಹ್ನೆ ಇದೆ. ಡಿಬೇಸಿನ ಪಟ್ಟಿಯಲ್ಲಿ ಅವು ಕಾಣ್ತಾನೇ ಇರ್ಲಿಲ್ಲ. ಏನದು?

ವಾಶಿ ವಿದ್ಯಾ · ಭಾನುವಾರ, ಮಧ್ಯಾಹ್ನ 3:10

ಅವು ಅಳಿಸಿದ ದಾಖಲೆಗಳು. ಡಿಬೇಸಿನಲ್ಲಿ ಡಿಲೀಟ್ ಅಂದ್ರೆ ದಾಖಲೆ ಹೋಗಲ್ಲ, ಮೊದಲ ಬೈಟಿನಲ್ಲಿ ಒಂದು ನಕ್ಷತ್ರ ಬೀಳುತ್ತೆ ಅಷ್ಟೇ. ಪ್ಯಾಕ್ ಅನ್ನೋ ಕಮಾಂಡ್ ಕೊಟ್ಟಾಗಲೇ ನಿಜವಾಗಿ ಹೋಗೋದು. ನಿಮ್ಮ ಮಾವ ಪ್ಯಾಕ್ ಕೊಟ್ಟೇ ಇಲ್ಲ. ನಾನು ಬೇಕಂತಲೇ ಅವನ್ನೂ ತೆಗೆದೆ.

ಫೋರ್ಟ್ ಡಿಟಿಪಿ · ಭಾನುವಾರ, ಸಂಜೆ 4:00

ತೀರಿಹೋದವರು ಇರಬಹುದು.

ಘಾಟ್ಕೋಪರ್ ಗಿರಿ · ಭಾನುವಾರ, ಸಂಜೆ 4:22

ಅತ್ತೆ ನೋಡಿ ನಕ್ಕುಬಿಟ್ರು. ತೀರಿಹೋದವರಲ್ಲ, ಚಂದಾ ಕೊಡದವರು! ಎರಡು ವರ್ಷ ಬಾಕಿ ಇದ್ರೆ ನಕ್ಷತ್ರ. ದುಡ್ಡು ಬಂದ್ರೆ ನಕ್ಷತ್ರ ತೆಗೀಬಹುದು ಅಂತಲೇ ಪೂರ್ತಿ ಅಳಿಸ್ತಿರಲಿಲ್ಲವಂತೆ. "ನಿಮ್ಮ ಮಾವನಿಗೆ ಯಾರ ಮೇಲೂ ಪೂರ್ತಿ ಆಸೆ ಬಿಡೋಕೆ ಬರ್ತಿರ್ಲಿಲ್ಲ" ಅಂದ್ರು. ನಕ್ಷತ್ರದವರಿಗೂ ಸಂಚಿಕೆ ಕಳಿಸಬೇಕಂತೆ.

ಡೊಂಬಿವಲಿ ಫಾಸ್ಟ್ · ಭಾನುವಾರ, ಸಂಜೆ 4:30

ಗಿರಿ, ಡೊಂಬಿವಲಿ ಪೂರ್ವ, 421201ರಲ್ಲಿ ಯಾರ್ಯಾರಿದಾರೆ ನೋಡ್ತೀರಾ? ನಮ್ಮಪ್ಪ ಒಂದು ಘಾಟ್ಕೋಪರ್ ಪತ್ರಿಕೆ ತರಿಸ್ತಿದ್ರು ಅಂತ ನೆನಪು. ಹೆಸರು ನಿಮಗೆ ಮೆಸೇಜು ಮಾಡ್ತೀನಿ.

ಘಾಟ್ಕೋಪರ್ ಗಿರಿ · ಭಾನುವಾರ, ಸಂಜೆ 4:41

ಇದಾರೆ. ದಾಖಲೆ 238.

ನಕ್ಷತ್ರ ಇದೆ.

ಡೊಂಬಿವಲಿ ಫಾಸ್ಟ್ · ಭಾನುವಾರ, ಸಂಜೆ 4:43

ಬಾಕಿ ಎಷ್ಟು ಹೇಳಿ, ಅತ್ತೆಯವರ ಯುಪಿಐ ನಂಬರು ಕಳಿಸಿ.